ಎರಡು ಯೂಫಾಲಾ, ಒಂದು ಡಿಲೀಟ್

ಬೆಂಗಳೂರಲ್ಲಿ ಕೂತು ಅಮೆರಿಕದ ನಕಾಶೆಗಳ ಡೇಟಾ ಸರಿಮಾಡೋದು ನನ್ನ ಕೆಲಸ. ಒಂದು ಸಲ ಶಾಲಾ ಅಟ್ಲಾಸಿಗೆ ಬೇಕಾದ ಊರ ಹೆಸರುಗಳ ಪಟ್ಟಿ ಬಂತು. ಅಲಬಾಮದಲ್ಲೊಂದು ಯೂಫಾಲಾ, ಒಕ್ಲಹೋಮದಲ್ಲೊಂದು ಯೂಫಾಲಾ. ಕೊವೀಟಾ ಜಾರ್ಜಿಯದಲ್ಲಿ ಒಂದು ಕೌಂಟಿ (ಜಿಲ್ಲೆಯಂಥದ್ದು), ಒಕ್ಲಹೋಮದಲ್ಲಿ ಒಂದು ಊರು. ಅಲಬಾಮದ ವೆಟಂಪ್ಕಕ್ಕೂ ಒಕ್ಲಹೋಮದ ವೆಟಮ್ಕಕ್ಕೂ ಸ್ಪೆಲ್ಲಿಂಗಲ್ಲಿ ಒಂದು ‘ಪಿ’ ಅಷ್ಟೇ ವ್ಯತ್ಯಾಸ. ಯಾರೋ ಎರಡೆರಡು ಸಲ ಟೈಪ್ ಮಾಡಿ, ರಾಜ್ಯ ತಪ್ಪು ಹಾಕಿದ್ದಾರೆ ಅಂದುಕೊಂಡೆ. ಡೂಪ್ಲಿಕೇಟ್ ತೆಗೆಯೋ ಸ್ಕ್ರಿಪ್ಟ್ ಓಡಿಸಿದೆ, ಒಕ್ಲಹೋಮದ ಸಾಲುಗಳು ಹೋದವು. ಟಿಕೆಟ್ (ನನಗೆ ವಹಿಸಿದ ಕೆಲಸದ ನಮೂದು) ಕ್ಲೋಸ್ ಮಾಡಿ ಊಟಕ್ಕೆ ಹೋದೆ.

ಮರುದಿನ ಟಿಕೆಟ್ ವಾಪಸ್. ಪರಿಶೀಲಿಸಿದವರು ಬರೆದದ್ದು ಒಂದೇ ಸಾಲು: ಎರಡೂ ಊರು ನಿಜ, 1836ರಲ್ಲಿ ಏನಾಯಿತು ನೋಡಿ.

ನೋಡಿದೆ. ಈ ಹೆಸರುಗಳು ಅಮೆರಿಕದ ಮೂಲನಿವಾಸಿಗಳಾದ ಕ್ರೀಕ್ ಜನರವು. ಅವರು ತಮ್ಮನ್ನು ಕರೆದುಕೊಳ್ಳುವುದು ಮಸ್ಕೋಗಿ ಅಂತ. (ಕ್ರೀಕ್ ಅಂದರೆ ಹಳ್ಳ ಅಲ್ವಾ? ಹಳ್ಳದ ದಡದಲ್ಲಿದ್ದಾರೆ ಅಂತ ಇಂಗ್ಲಿಷ್ ವ್ಯಾಪಾರಿಗಳು ಸುಮ್ನೆ ಇಟ್ಟ ಹೆಸರು.) ಇವರ ಊರುಗಳಿದ್ದದ್ದು ಚಟ್ಟಹೂಚಿ, ಕೂಸಾ, ಟಲ್ಲಪೂಸಾ ನದಿಗಳ ಆಸುಪಾಸಿನಲ್ಲಿ, ಈಗಿನ ಜಾರ್ಜಿಯ ಮತ್ತು ಅಲಬಾಮಗಳಲ್ಲಿ. ಅಮೆರಿಕ ಸರ್ಕಾರದ ಜೊತೆಗಿನ 1814ರ ಫೋರ್ಟ್ ಜಾಕ್ಸನ್ ಒಪ್ಪಂದದಲ್ಲಿ 2 ಕೋಟಿಗೂ ಜಾಸ್ತಿ ಎಕರೆ ಕಳೆದುಕೊಂಡರು. ಉಳಿದವರನ್ನು 1836ರಲ್ಲಿ ಸೈನ್ಯ ಎಬ್ಬಿಸಿ ಪಶ್ಚಿಮಕ್ಕೆ, ಈಗಿನ ಒಕ್ಲಹೋಮಕ್ಕೆ ಅಟ್ಟಿತು. ಕೆಲವರ ಕೈಗೆ ಸಂಕೋಲೆ ಕೂಡ ಹಾಕಿದ್ದರು. ಹೋದವರು ಊರ ಹೆಸರನ್ನೂ ಜೊತೆಗೆ ಒಯ್ದರು. ಲೋಚಪೋಕ ಊರಿನವರು ತಮ್ಮ ಬೆಂಕಿಯ ಬೂದಿಯನ್ನು ಅಷ್ಟು ದೂರ ಹೊತ್ತು ತಂದು, ಒಂದು ಓಕ್ ಮರದ ಹತ್ತಿರ ಮತ್ತೆ ಒಲೆ ಹೂಡಿದರು ಅಂತ ಹೇಳುತ್ತಾರೆ. ಆ ಮರ ಈಗಲೂ ಒಕ್ಲಹೋಮದ ಟಲ್ಸಾ ನಗರದಲ್ಲಿದೆ.

ನಾನು ಅಳಿಸಿದ್ದು ಇವರು ಹೊತ್ತು ತಂದ ಹೆಸರುಗಳನ್ನು.

ಕ್ರೀಕ್ ಜನರ ನೆರೆಯ ಮೂಲನಿವಾಸಿಗಳಾದ ಚೆರೋಕಿಗಳಿಗೂ ಇದೇ ಆಯಿತು. ಅವರದ್ದು ಉತ್ತರದ ಬೆಟ್ಟಸೀಮೆ, ಅಪಲಾಚಿಯನ್ ಸಾಲಿನ ದಕ್ಷಿಣ ತುದಿ. 1835ರಲ್ಲಿ ನ್ಯೂ ಎಕೋಟಾದಲ್ಲಿ ಬೆರಳೆಣಿಕೆಯ ಜನ ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು, ಮುಖ್ಯಸ್ಥ ಜಾನ್ ರಾಸ್ ಹಾಕಲಿಲ್ಲ. ಆದರೂ 1838ರಲ್ಲಿ ಸುಮಾರು 16,000 ಜನರನ್ನು ಮನೆ ಬಿಡಿಸಿದರು. ಒಂದಷ್ಟು ಜನ ನಾರ್ತ್ ಕೆರೊಲೈನದ ಬೆಟ್ಟಗಳಲ್ಲೇ ಉಳಿದರು. ಅವರ ಪೀಳಿಗೆಯವರು ತಮ್ಮ ತಾಯೂರು ಕಿಟೂವಾದ ನೆಲವನ್ನು 1996ರಲ್ಲಿ ದುಡ್ಡು ಕೊಟ್ಟು ವಾಪಸ್ ಕೊಂಡರು. ತಮ್ಮದೇ ನೆಲ!

ಸಾಲುಗಳನ್ನೆಲ್ಲ ಬ್ಯಾಕಪ್‌ನಿಂದ ವಾಪಸ್ ತಂದೆ. ‘ಹಳೇ ಊರು’ ಅಂತ ಒಂದು ಕಾಲಂ ಸೇರಿಸಿ ಜೋಡಿಗಳನ್ನು ತುಂಬುತ್ತಾ ಕೂತೆ. ಸಂಜೆ ಹೊತ್ತಿಗೆ ಟಲ್ಸಾ ಬಂತು. ಅದರ ಮೂಲ ಅಲಬಾಮದ ಟಲ್ಲಸಿ. ಹೆಸರು ಎಷ್ಟು ಸವೆದಿತ್ತೆಂದರೆ ನನ್ನ ಸ್ಕ್ರಿಪ್ಟಿಗೆ ಅದು ಜೋಡಿ ಅಂತ ಗೊತ್ತೇ ಆಗಿರಲಿಲ್ಲ. ಹಾಗಾಗಿ ಟಲ್ಸಾ ಉಳಿದುಕೊಂಡಿತ್ತು.