5,000 ಬಾತ್ ಮತ್ತು ಮಾಳಮಡ್ಡಿಯ ಪಾಸ್‌ಬುಕ್

2024ರ ಆಗಸ್ಟ್ ತಿಂಗಳಲ್ಲಿ ಥಾಯ್ಲೆಂಡಿನಿಂದ ಮರಳಿದ ನಾಲ್ಕನೆಯ ದಿನ ಧಾರವಾಡದ ನಮ್ಮ ಬ್ಯಾಂಕಿನ ಶಾಖೆಗೆ ಹೋಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡೆ. ಬ್ಯಾಂಕಾಕಿನಲ್ಲಿ ಮೊದಲ ದಿನ ಎಟಿಎಂನಿಂದ ತೆಗೆದ 5,000 ಬಾತ್‌ಗೆ 13,676 ರೂಪಾಯಿ 40 ಪೈಸೆ ಎಂದೂ, ಅದರ ಕೆಳಗೆ ಬೇರೆಯಾಗಿ 177 ರೂಪಾಯಿ ಎಂದೂ ಅಚ್ಚಾಗಿತ್ತು. ಆ ವಾರ ಒಂದು ಬಾತ್‌ಗೆ ಹೆಚ್ಚುಕಡಿಮೆ 2 ರೂಪಾಯಿ 40 ಪೈಸೆ ದರವಿದ್ದುದರಿಂದ ನಮ್ಮ ಕೈಗೆ ಬಂದ ನೋಟುಗಳ ಬೆಲೆ 12,000 ರೂಪಾಯಿ. ಉಳಿದ 1,853 ರೂಪಾಯಿ ಎಲ್ಲಿ ಹೋಯಿತೆಂದು ಮಾಳಮಡ್ಡಿಯ ಮನೆಯಲ್ಲಿ ಚಹಾ ಆರುವವರೆಗೂ ಲೆಕ್ಕ ಹಾಕುತ್ತ ಕುಳಿತೆ.

ಹೋಗಿದ್ದವರು ನಾಲ್ವರು: ನಾನು, ನನ್ನಾಕೆ, ಗದಗಿನ ಬೀಗರು ಮತ್ತು ಬೀಗತಿ. ಹೊರಡುವ ಮೊದಲೇ ಎರಡು ಅಡ್ಡಿಗಳು ಕಾಣಿಸಿಕೊಂಡವು. ನನ್ನ ಪಿಂಚಣಿ ಖಾತೆಗೆ ಕೊಟ್ಟಿದ್ದ ರುಪೇ ಕಾರ್ಡು ದೇಶದೊಳಗಿನ ಬಳಕೆಯದ್ದಾಗಿತ್ತು. ರುಪೇಯಲ್ಲಿಯೂ ಡಿಸ್ಕವರ್, ಡೈನರ್ಸ್ ಕ್ಲಬ್ ಜಾಲಗಳ ಮೂಲಕ ಹೊರದೇಶದಲ್ಲಿ ನಡೆಯುವ ಅಂತರರಾಷ್ಟ್ರೀಯ ಕಾರ್ಡುಗಳಿವೆ, ಆದರೆ ನನ್ನದು ಆ ಜಾತಿಯದ್ದಲ್ಲ. ಇನ್ನೊಂದು ಖಾತೆಯ ವೀಸಾ ಡೆಬಿಟ್ ಕಾರ್ಡು ಹೊರದೇಶದಲ್ಲಿ ನಡೆಯುವಂಥದ್ದೇ ಆಗಿದ್ದರೂ ಆ ಸೌಲಭ್ಯ ಬಂದ್ ಆಗಿತ್ತು. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸೂಚನೆಯ ಪ್ರಕಾರ, ಹೊಸದಾಗಿ ಕೊಡುವ ಕಾರ್ಡುಗಳು ಮೊದಲಿಗೆ ಭಾರತದೊಳಗಿನ ಎಟಿಎಂ ಮತ್ತು ಅಂಗಡಿಯ ಸ್ವೈಪ್ ಯಂತ್ರಗಳಲ್ಲಿ ಮಾತ್ರ ನಡೆಯುತ್ತವೆ. ವಿದೇಶದ ಬಳಕೆ ಬೇಕಾದವರು ಮೊಬೈಲ್ ಆ್ಯಪಿನಲ್ಲಿಯೋ ನೆಟ್ ಬ್ಯಾಂಕಿಂಗಿನಲ್ಲಿಯೋ ತಾವೇ ಅದನ್ನು ಚಾಲೂ ಮಾಡಿಕೊಂಡು, ದಿನದ ಮಿತಿಯನ್ನೂ ತಾವೇ ಹಾಕಿಕೊಳ್ಳಬೇಕು. ಇದನ್ನು ಮನೆಯಲ್ಲಿ ಕುಳಿತು ಮಾಡುವುದೇ ಲೇಸು, ಏಕೆಂದರೆ ಹೊರದೇಶದಲ್ಲಿ ನಮ್ಮ ಸಿಮ್ಮಿಗೆ ರೋಮಿಂಗ್ ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ, ಒಟಿಪಿ ಇಲ್ಲದೆ ಆ್ಯಪು ಮುಂದೆ ಹೋಗುವುದಿಲ್ಲ.

ಈಗ ಆ ಮೊದಲ ದಿನದ ವಿಷಯ. ನಾವು ಇಳಿದುಕೊಂಡಿದ್ದ ಹೋಟೆಲಿನ ಓಣಿಯ ತುದಿಯಲ್ಲಿ ಒಂದು ಅಂಗಡಿ, ಅದರ ಮುಂದೆ ಒಂದು ಎಟಿಎಂ. ಪಿನ್ ಒತ್ತಿ 5,000 ಎಂದು ಹಾಕಿದಾಗ, ವಿದೇಶಿ ಕಾರ್ಡಿಗೆ 220 ಬಾತ್ ಶುಲ್ಕವಿದೆ, ಒಪ್ಪಿಗೆಯೇ ಎಂದು ಕೇಳಿತು. ಒಪ್ಪದೆ ಗತ್ಯಂತರವಿರಲಿಲ್ಲ. ಅದರ ಬೆನ್ನಿಗೇ ಇನ್ನೊಂದು ಪರದೆ ಬಂದಿತು. ಒಂದು ಬಾತ್‌ಗೆ 2.62 ರೂಪಾಯಿ, ಒಟ್ಟು 13,676.40 ರೂಪಾಯಿ ಎಂದು ತೋರಿಸಿ, ಈ ದರದ ಕನ್ವರ್ಷನ್ ಬೇಕೋ ಬೇಡವೋ ಎಂದು ಎರಡು ಗುಂಡಿಗಳನ್ನು ಮುಂದಿಟ್ಟಿತು. ಬೇಡವೆಂದರೆ ವ್ಯವಹಾರವೇ ರದ್ದಾದೀತೆಂಬ ಅಂಜಿಕೆ ನನಗೆ. ಪಕ್ಕದಲ್ಲಿದ್ದ ನನ್ನಾಕೆ, "ಎಷ್ಟ ರೂಪಾಯಿ ಆಗ್ತದ ಅಂತ ಮೊದಲ ಹೇಳ್ಲಿಕ್ಕತ್ತದಲ್ರೀ, ಒತ್ತರಿ" ಎಂದಳು. ಒತ್ತಿದೆ.

ಒತ್ತಬಾರದಿತ್ತು. ಬೇಡವೆಂದಿದ್ದರೂ ನೋಟು ಬರುತ್ತಿತ್ತು; ಆಗ ಬಾತನ್ನು ರೂಪಾಯಿಗೆ ಬದಲಿಸುವ ದರವನ್ನು ಆ ಯಂತ್ರದವರ ಬದಲು ವೀಸಾ ಜಾಲವೇ ಹಾಕುತ್ತಿತ್ತು, ಅದು ಮಾರುಕಟ್ಟೆಯ ದರಕ್ಕೆ ಬಹಳ ಹತ್ತಿರದಲ್ಲಿರುತ್ತದೆ. ಅದರ ಮೇಲೆ ನಮ್ಮ ಬ್ಯಾಂಕಿನ ಮಾರ್ಕಪ್ (ವಿದೇಶಿ ಹಣದ ವ್ಯವಹಾರಕ್ಕೆ ಬ್ಯಾಂಕು ಸೇರಿಸುವ ಶುಲ್ಕ) ಶೇಕಡಾ 3.5, ಮಾರ್ಕಪ್ಪಿನ ಮೇಲೆ ಶೇಕಡಾ 18 ಜಿಎಸ್‌ಟಿ. ಈ ಲೆಕ್ಕದಂತೆ 5,220 ಬಾತ್‌ಗೆ 13,045 ರೂಪಾಯಿ ಆಗುತ್ತಿತ್ತು. ಅಂದರೆ ಆ ಒಂದು ಗುಂಡಿಗೆ ನಾವು ತೆತ್ತದ್ದು 631 ರೂಪಾಯಿ. ಇಷ್ಟಾದರೂ ನಮ್ಮ ಬ್ಯಾಂಕು ಆ ವ್ಯವಹಾರಕ್ಕೆ ಮಾರ್ಕಪ್ ಹಾಕಿರಲಿಲ್ಲ. ರೂಪಾಯಿಯಲ್ಲಿಯೇ ನಡೆದ ವಿದೇಶಿ ವ್ಯವಹಾರಕ್ಕೂ ಶುಲ್ಕ ಹಿಡಿಯುವ ಬ್ಯಾಂಕುಗಳಿವೆ. ಸುಲಿಗೆಯಾದರೂ ಅದರಲ್ಲಿ ಮೋಸವಿಲ್ಲ ಎಂಬುದೇ ನನಗೆ ಹೆಚ್ಚು ಬೇಸರದ ಸಂಗತಿ: ದರವನ್ನು ಮುಖಕ್ಕೆ ಹಿಡಿದು ತೋರಿಸಿ, ನನ್ನ ಒಪ್ಪಿಗೆ ಪಡೆದೇ ತೆಗೆದುಕೊಂಡಿದ್ದಾರೆ. ಪಾಸ್‌ಬುಕ್ಕಿನ ಆ 177 ರೂಪಾಯಿ ಬೇರೆಯದೇ ಬಾಬತ್ತು. ವಿದೇಶಿ ಎಟಿಎಂ ಬಳಸಿದ್ದಕ್ಕೆ ನಮ್ಮ ಬ್ಯಾಂಕು ಹಿಡಿದ 150 ರೂಪಾಯಿ ಮತ್ತು ಅದರ ಜಿಎಸ್‌ಟಿ. ಬರೀ ಬ್ಯಾಲೆನ್ಸ್ ನೋಡಿದರೂ ಶುಲ್ಕ ಹಿಡಿಯುವುದುಂಟು, ಆದ್ದರಿಂದ ಅಲ್ಲಿ ಆ ಕುತೂಹಲವನ್ನು ತಡೆದುಕೊಳ್ಳುವುದು ಒಳ್ಳೆಯದು.

ಮೂರನೆಯ ದಿನ ಬೀಗರ ಸಲಹೆಯಂತೆ ನಾಲ್ವರ ಖರ್ಚಿಗೂ ಸೇರಿಸಿ ಒಮ್ಮೆಲೇ 20,000 ಬಾತ್ ತೆಗೆದೆ, ಕನ್ವರ್ಷನ್ ಬೇಡವೆಂದು ಒತ್ತಿದೆ. ಎಲ್ಲ ಶುಲ್ಕ ಸೇರಿ 50,709 ರೂಪಾಯಿ ಹೋಯಿತು; 48,000 ರೂಪಾಯಿಯ ನೋಟಿಗೆ 2,709 ರೂಪಾಯಿ ಹೆಚ್ಚು, ಎಂದರೆ ಶೇಕಡಾ ಐದೂವರೆಯ ಮೇಲೆ ಸ್ವಲ್ಪ. ಮೊದಲ ಸಲ ಅದು ಶೇಕಡಾ 15 ದಾಟಿತ್ತು. 220 ಬಾತ್ ಆಗಲಿ, 177 ರೂಪಾಯಿ ಆಗಲಿ, ಎಷ್ಟು ತೆಗೆದರೂ ಅಷ್ಟೇ ಇರುವುದರಿಂದ, ಸಂತೆಗೆ ಹೋದಂತೆ ದಿನಾ ಚೂರುಚೂರು ತೆಗೆಯುವವರಿಗೆ ಅದರ ಪೆಟ್ಟು ಹೆಚ್ಚು. ಆ ಯಂತ್ರ ಮೊದಲು ನೋಟು ಕೊಟ್ಟು ಆಮೇಲೆ ಕಾರ್ಡು ಹೊರಹಾಕಿತು. ನೋಟು ಎಣಿಸುತ್ತ ಹೊರಟವನನ್ನು ಬೀಗರೇ ಕೂಗಿ ನಿಲ್ಲಿಸಿದರು.

ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯುವುದನ್ನು ನಾನು ಯಾರಿಗೂ ಹೇಳಲಾರೆ, ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ಮುಂದಿನ ಸಲ ಹೊರಡುವಾಗ ಸ್ವಲ್ಪ ವಿದೇಶಿ ನೋಟನ್ನು ಹುಬ್ಬಳ್ಳಿಯಲ್ಲಿಯೇ ಕೊಂಡು ಇಟ್ಟುಕೊಳ್ಳುತ್ತೇನೆ. ಬಹುತೇಕ ದೇಶಗಳಿಗೆ ಒಂದು ಪ್ರವಾಸಕ್ಕೆ 3,000 ಡಾಲರ್ ಬೆಲೆಯ ನೋಟು ಒಯ್ಯಬಹುದು, ನಮ್ಮ ರೂಪಾಯಿ 25,000 ಮೀರಬಾರದು. ಭೂತಾನಿಗೆ ಹೋಗುವವರಿಗೆ ಈ ತಲೆಬಿಸಿ ಕಡಿಮೆ, ಅಲ್ಲಿನ ಎನ್‌ಗುಲ್ಟ್ರಮ್ಮಿಗೂ ನಮ್ಮ ರೂಪಾಯಿಗೂ ಒಂದೇ ಬೆಲೆ, ನಮ್ಮ ನೋಟೂ ನಡೆಯುತ್ತದೆ.

ಬೀಗರದ್ದು ಬೇರೆ ಕಥೆ. ಐದನೆಯ ದಿನ ಸಂಜೆ ಅವರು ತಮ್ಮ ಕಾರ್ಡು ಹಾಕಿದಾಗ ಯಂತ್ರ ಒಳಗೊಳಗೇ ನೋಟು ಎಣಿಸಿದ ಸಪ್ಪಳ ಮಾಡಿ ಸುಮ್ಮನಾಯಿತು. ನೋಟು ಬರಲಿಲ್ಲ, ಖಾತೆಯಿಂದ ಮಾತ್ರ ಹಣ ಕಡಿತವಾದ ಮೆಸೇಜು ಬಂದಿತು. "ಚಿಂತೀ ಬ್ಯಾಡ್ರೀ ಬೀಗರ, ಐದ ದಿನದಾಗ ಬರಲಿಲ್ಲಂದ್ರ ದಿನಕ್ಕ ನೂರ ರೂಪಾಯಿ ಕೊಡ್ತಾರ" ಎಂದು ನಾನೇ ಧೈರ್ಯ ಹೇಳಿದೆ. ಊರಿಗೆ ಬಂದ ಮೇಲೆ ತಿಳಿಯಿತು, ರಿಸರ್ವ್ ಬ್ಯಾಂಕಿನ 2019ರ ಆ ನಿಯಮ ದೇಶದೊಳಗಿನ ವ್ಯವಹಾರಗಳಿಗೆ ಮಾತ್ರ. ಪುಣ್ಯಕ್ಕೆ ಬೀಗರು ಯಂತ್ರದ ಸ್ಲಿಪ್ಪನ್ನು ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡಿದ್ದರು. ಅದರಲ್ಲಿ ಯಂತ್ರದ ನಂಬರೂ ವೇಳೆಯೂ ಇದ್ದವು. ಸ್ಲಿಪ್ಪಿನಲ್ಲಿ 7.40, ಬ್ಯಾಂಕಿನ ದಾಖಲೆಯಲ್ಲಿ 6.10 ಎಂದಿದ್ದುದರಿಂದ ಗದಗಿನ ಶಾಖೆಯವರು ಇವು ಎರಡು ಬೇರೆ ವ್ಯವಹಾರಗಳೆಂದು ಅರ್ಜಿಯನ್ನು ಮರಳಿಸಿದರು. ಬ್ಯಾಂಕಾಕಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ತಾಸು ಮುಂದಿದೆಯೆಂದು ಬರೆದು ಮತ್ತೆ ಕೊಟ್ಟ ಮೇಲೆ, ಮೂವತ್ತನಾಲ್ಕನೆಯ ದಿನಕ್ಕೆ ಹಣ ಜಮಾ ಆಯಿತು. ಬಾರದ ನೋಟಿಗೆ ಹಿಡಿದಿದ್ದ ಶುಲ್ಕ ಮಾತ್ರ ಮರಳಿರಲಿಲ್ಲ. ಅದಕ್ಕೆಂದು ಬೀಗರು ಇನ್ನೊಂದು ಅರ್ಜಿ ಬರೆದರು, ಒಂದು ತಿಂಗಳ ನಂತರ ಅದೂ ಬಂದಿತು.