ಬೆಂಡೆಕಾಯಿ ಕೀಳೋಕೆ ದೊಡ್ಡಬಳ್ಳಾಪುರಕ್ಕೆ

ಭಾನುವಾರ ಅಂದ್ರೆ ನಮ್ಮನೇಲಿ ಮಾಲು, ಇಲ್ಲಾಂದ್ರೆ ಯಾರದ್ದಾದ್ರೂ ಗೃಹಪ್ರವೇಶ. ಈಗ ಸ್ವಲ್ಪ ಕಾಲದಿಂದ ಇನ್ನೊಂದು ಸೇರ್ಕೊಂಡಿದೆ, ಸಾವಯವ ತೋಟಕ್ಕೆ ಹೋಗಿ ನಮ್ಮ ತರಕಾರಿ ನಾವೇ ಕಿತ್ಕೊಂಡು ಬರೋದು. ಬೆಂಗಳೂರು ಸುತ್ತ ಇಂಥವು ಸುಮಾರಿವೆ, ಕನಕಪುರ ರೋಡಲ್ಲಿ, ಸರ್ಜಾಪುರದ ಆಚೆ, ದೇವನಹಳ್ಳಿ ಸೈಡಲ್ಲಿ. ಕೆಲವು ಕಡೆ ಟ್ರ್ಯಾಕ್ಟರ್ ರೈಡು, ಮಡಕೆ ಮಾಡೋದು, ಕೆಸರಲ್ಲಿ ಆಟ, ಬಾಳೆಎಲೆ ಊಟ ಎಲ್ಲಾ ಸೇರಿಸಿ ಪ್ಯಾಕೇಜ್ ಮಾಡಿ ತಲೆಗಿಷ್ಟು ಅಂತ ತಗೋತಾರೆ, ಫೋಟೋಗೇನೋ ಚೆನ್ನಾಗಿರತ್ತೆ, ಆದ್ರೆ ತರಕಾರಿ ಕೀಳೋಕೆ ಬಿಡೋದು ಕೊನೇ ಅರ್ಧ ಗಂಟೆ, ಅದೂ ಒಂದು ಸಾಲು ತೋರಿಸಿ ಇಷ್ಟರೊಳಗೇ ಕೀಳ್ಬೇಕು ಅಂತಾರೆ. ಒಂದು ಕಡೆಯಂತೂ (ಹೆಸರು ಬೇಡ ಬಿಡಿ) ಕ್ಯಾರೆಟ್ ಎಲ್ಲಿದೆ ಅಂದ್ರೆ ಶೆಡ್ಡಲ್ಲಿ ಕ್ರೇಟ್ ತೋರಿಸಿದ್ರು, ಎಲ್ಲಾ ಒಂದೇ ಸೈಜು, ತೊಳೆದು ಫಳಫಳ ಅಂತಿತ್ತು, ಅತ್ತೆ ಒಂದನ್ನ ಎತ್ತಿ ನೋಡಿ ಸುಮ್ನೆ ವಾಪಸ್ ಇಟ್ರು.

ಈಗ ನಾವು ಹೋಗೋದು ದೊಡ್ಡಬಳ್ಳಾಪುರದ ಕಡೆ ಒಂದು ಸಣ್ಣ ತೋಟಕ್ಕೆ. ಗಂಡ ಹೆಂಡ್ತಿ ಇಬ್ಬರೇ ನೋಡ್ಕೋತಾರೆ, ರೈಡೂ ಇಲ್ಲ ಗೀಡೂ ಇಲ್ಲ, ಬುಟ್ಟಿ ಕತ್ತರಿ ಕೈಗೆ ಕೊಟ್ಟು ಹೋಗಿ ಅಂತಾರೆ, ಬರುವಾಗ ತೂಕ ಹಾಕಿ ದುಡ್ಡು ಇಸ್ಕೋತಾರೆ. ಮಕ್ಕಳಿಗೆ ತರಕಾರಿ ಎಲ್ಲಿಂದ ಬರತ್ತೆ ಅಂತ ಗೊತ್ತಾಗ್ಲಿ ಅಂತ ಎಲ್ರೂ ಹೇಳ್ತಾರೆ, ನನಗದು ಅಷ್ಟೇನೂ ದೊಡ್ಡ ವಿಷಯ ಅನ್ಸಲ್ಲ, ನಮ್ಮ ಹುಡುಗ್ರಿಗೆ ಯೂಟ್ಯೂಬಲ್ಲೇ ಎಲ್ಲಾ ಗೊತ್ತಿದೆ. ಗೊತ್ತಿಲ್ದೇ ಇರೋದು ಕಾಯಿಯ ಹದ. ಅದು ಅವ್ರಿಗೂ ಗೊತ್ತಿಲ್ಲ, ನಮ್ಮನೆಯವ್ರಿಗಂತೂ ಮೊದಲೇ ಗೊತ್ತಿಲ್ಲ, ತಳ್ಳುಗಾಡಿಯವನು ಕೊಟ್ಟಿದ್ದನ್ನ ತಗೊಂಡು ಬರೋ ಜಾತಿ.

ಬೆಂಡೆಕಾಯೇ ತಗೊಳ್ಳಿ. ಹೂವಾಗಿ ಐದಾರು ದಿನಕ್ಕೆ ಕಾಯಿ ಹದಕ್ಕೆ ಬಂದ್ಬಿಡತ್ತೆ, ಅದಾಗಿ ಇನ್ನೆರಡು ಮೂರು ದಿನ ಬಿಟ್ರೆ ನಾರು. ಅದಕ್ಕೇ ಬೆಳೆಯೋರು ದಿನ ಬಿಟ್ಟು ದಿನ ಕೀಳ್ತಾರೆ. ಅತ್ತೆ ಕೋಲಾರದ ಕಡೆಯವ್ರು, ಚಿಕ್ಕಂದಲ್ಲಿ ಹೊಲದಲ್ಲೇ ಬೆಳೆದೋರು, ಮಗನ್ನ ಕರ್ಕೊಂಡು ಸಾಲಿಗಿಳಿದು "ತುದಿ ಬಗ್ಗಿಸ್ನೋಡು ಪುಟ್ಟಾ, ಪಟ್ ಅಂದ್ರೆ ಎಳೇದು, ಬಳುಕಿದ್ರೆ ಬಲ್ತಿದೆ, ಬಿಟ್ಬಿಡು" ಅಂತ ಪಾಠ ಶುರು ಮಾಡಿದ್ರು. ಅಷ್ಟರಲ್ಲಿ ತೋಟದ ಅಕ್ಕ ಆ ಕಡೆ ಸಾಲಿಂದಲೇ ಕೂಗಿದ್ರು, "ಅಮ್ಮಾ, ಬಲ್ತಿದ್ದು ಬಿಡ್ಬೇಡಿ, ಅದನ್ನೂ ಕಿತ್ತು ಬದುವಿಗೆ ಹಾಕಿ, ಗಿಡದಲ್ಲೇ ಬಿಟ್ರೆ ಹೊಸ ಕಾಯಿ ಕಟ್ಟೋದು ಕಮ್ಮಿ ಮಾಡ್ಬಿಡ್ತದೆ. ಬೀಜಕ್ಕೆ ಅಂತ ಆ ಕೊನೇ ಸಾಲು ಬಿಟ್ಟಿದೀನಿ." ಅತ್ತೆ ಒಂದು ಕ್ಷಣ ನೋಡಿ "ಹೌದೌದು, ನಮ್ಮಪ್ಪನೂ ಹಂಗೇ ಮಾಡೋರು" ಅಂದ್ರು. ಅಲ್ಲಿಂದ ಇಬ್ಬರೂ ಮಾತಿಗೆ ಬಿದ್ರು ನೋಡಿ, ಊಟದ ಹೊತ್ತಾದ್ರೂ ಮುಗೀಲಿಲ್ಲ.

ಬೆಂಡೆ ಸಾಲಿಗೆ ಹೋಗೋರು ತುಂಬುತೋಳು ಹಾಕ್ಕೊಳ್ಳಿ, ಗಿಡದ ಮೇಲಿರೋ ಸಣ್ಣ ಕೂದಲು ತಾಗಿ ಮೊಣಕೈತನಕ ಕಡಿತ, ಮಗಳು ಮನೆಗೆ ಬರೋವರೆಗೂ ಕೆರ್ಕೊಂಡಳು. ಸೋರೆಕಾಯಿಗೆ ಉಗುರು ಚುಚ್ಚಿ ನೋಡೋದು ಅಂಗಡೀಲಿ ಮಾಡ್ತೀವಲ್ಲ, ತೋಟದಲ್ಲಿ ಅದು ಬೇಡ, ಚುಚ್ಚಿ ಬಿಟ್ಟ ಕಾಯಿ ಅಲ್ಲೇ ಕೊಳೀತದೆ ಅಂತ ಅಕ್ಕ ಮೊದಲೇ ಎಲ್ರಿಗೂ ಹೇಳ್ಬಿಡ್ತಾರೆ.

ಬದನೆ ಸಾಲಲ್ಲಿ ಮಕ್ಕಳಿಗೆ ಸಿಕ್ಕಿದ್ದು ಹುಳ. ಗಿಡದ ಚಿಗುರು ಅಲ್ಲಲ್ಲಿ ಬಾಡಿ ತಲೆ ಬಗ್ಗಿಸಿರತ್ತೆ, ನೀರು ಸಾಲದೇ ಬಾಡಿದೆ ಅಂದ್ಕೊಂಡ್ರೆ ಅಲ್ಲ, ಅಕ್ಕ ಒಂದನ್ನ ಚಿವುಟಿ ಸೀಳಿ ತೋರ್ಸಿದ್ರು, ಒಳಗೆ ಕಾಂಡ ಕೊರ್ಕೊಂಡು ಕೂತಿತ್ತು ಗುಲಾಬಿ ಛಾಯೆಯ ಸಣ್ಣ ಹುಳ. ಇದೇ ಆಮೇಲೆ ಕಾಯಿಗೂ ಹೋಗೋದು. ಔಷಧಿ ಹೊಡೆಯಲ್ಲ ಅಂದ್ಮೇಲೆ ಬಾಡಿದ ಚಿಗುರನ್ನೆಲ್ಲಾ ಕೈಯಲ್ಲೇ ಚಿವುಟಿ ಹೊಲದಿಂದ ಆಚೆ ತಗೊಂಡೋಗಿ ನಾಶ ಮಾಡ್ಬೇಕು, ಅದೂ ಮತ್ತೆ ಮತ್ತೆ. ಟೊಮೆಟೊ ಸಾಲಿನ ಮಧ್ಯೆ ಚೆಂಡುಹೂವು ಯಾಕೆ ಅಂತ ಮಗಳು ಕೇಳಿದ್ಲು, ಹಬ್ಬಕ್ಕೆ ಮಾರೋಕೆ ಅಂತ ಅವರಪ್ಪ ಅಂದ್ಬಿಟ್ರು, ಅದೂ ಸುಳ್ಳಲ್ಲ, ಆದ್ರೆ ಕಾಯಿಕೊರಕದ ಚಿಟ್ಟೆ ಟೊಮೆಟೊ ಬಿಟ್ಟು ಚೆಂಡುಹೂವಿನ ಮೇಲೆ ಮೊಟ್ಟೆ ಇಡ್ಲಿ ಅಂತ ಹಾಕಿರೋದು. ಬದುವಲ್ಲಿ ಹರಳು ಗಿಡ, ಅಲ್ಲಲ್ಲಿ ಕೋಲಿಗೆ ಕಟ್ಟಿದ ಹಳದಿ ಅಂಟು ಹಾಳೆ, ಅದರ ತುಂಬಾ ಬಿಳಿನೊಣ ಅಂಟ್ಕೊಂಡಿತ್ತು. ಇಷ್ಟೆಲ್ಲಾ ಕಣ್ಣಾರೆ ನೋಡಿದ ಮೇಲೆ ಕೆಜಿಗೆ ಮಾರ್ಕೆಟ್‌ಗಿಂತ ಜಾಸ್ತಿ ಅಂತ ಚೌಕಾಸಿ ಮಾಡೋಕೆ ನನಗಂತೂ ಬಾಯಿ ಬರಲ್ಲ, ನಮ್ಮನೆಯವ್ರಿಗೆ ಈಗ್ಲೂ ಬರತ್ತೆ.

ಸಾವಯವ ಅಂತ ಬೋರ್ಡ್ ಹಾಕಿದ್ದೆಲ್ಲಾ ಸಾವಯವನಾ ಅಂತ ಫ್ರೆಂಡ್ಸ್ ಕೇಳ್ತಾರೆ, ನ್ಯಾಯವಾದ ಪ್ರಶ್ನೆನೇ. ಪ್ಯಾಕೆಟಲ್ಲಿ ತಗೊಂಡ್ರೆ ಸರ್ಕಾರದ ಸಾವಯವ ಲೋಗೋ ಇದೆಯಾ ನೋಡ್ಬಹುದು, ಆದ್ರೆ ಸಣ್ಣ ರೈತರು ನೇರವಾಗಿ ಗ್ರಾಹಕರಿಗೆ ಮಾರೋದಾದ್ರೆ ಸರ್ಟಿಫಿಕೇಟ್ ಕಡ್ಡಾಯ ಇಲ್ಲ, ಹಂಗಾಗಿ ಇಂಥ ಕಡೆ ಪೇಪರ್ ಕೇಳಿದ್ರೆ ಇರದೇನೂ ಇರ್ಬಹುದು. ನಾನು ಗೊಬ್ಬರ ಎಲ್ಲಿದೆ ಅಂತ ಕೇಳ್ತೀನಿ. ಇಲ್ಲಿ ಹುಣಸೆ ಮರದ ಕೆಳಗೆ 200 ಲೀಟರ್ ಡ್ರಮ್ಮಲ್ಲಿ ಜೀವಾಮೃತ, 10 ಕೆಜಿ ಸಗಣಿ, ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ಕಡ್ಲೆಹಿಟ್ಟು, ಒಂದು ಹಿಡಿ ಬದುವಿನ ಮಣ್ಣು, ಮಿಕ್ಕಿದ್ದು ನೀರು, ಒಂದು ಎಕರೆಗೆ ಅಂತ ಲೆಕ್ಕ. ಮಗನ ಕೈಗೆ ಕೋಲು ಕೊಟ್ಟು ತಿರುವು ಅಂದ್ರು, ಅವನು ಒಂದು ಕೈಲಿ ಮೂಗು ಹಿಡ್ಕೊಂಡೇ ತಿರುವಿದ. ಹಾಗೇ ಬದುವಿನ ಕಳೆ ನೋಡಿ, ಬದುವೆಲ್ಲಾ ಒಂದೇ ಸಮ ಸುಟ್ಟಂಗೆ ಹಳದಿ ಆಗಿದ್ರೆ ಕಳೆನಾಶಕ ಹೊಡೆದಿದಾರೋ ಏನೋ ಅಂತ ಒಂದು ಮಾತು ಕೇಳಿ. ಬೇಸಿಗೇಲಿ ಬಿಸಿಲಿಗೇ ಒಣಗಿರತ್ತೆ, ಆಗ ಕೇಳಿ ಬೈಸ್ಕೋಬೇಡಿ.

ಹೋಗೋಕೆ ಒಳ್ಳೇ ಟೈಮ್ ಅಂದ್ರೆ ಡಿಸೆಂಬರ್ ಜನವರಿ, ಅವರೆಕಾಯಿ ಸೀಸನ್. ಇಬ್ಬನಿ ಬಿದ್ದಷ್ಟೂ ಸೊಗಡು ಜಾಸ್ತಿ ಅಂತಾರೆ, ಬೆಳಗ್ಗೆ ಬಿಡಿಸ್ತಾ ಹೋದ್ರೆ ಬೆರಳೆಲ್ಲಾ ಅಂಟಂಟು, ಸೋಪು ಹಾಕಿ ತೊಳೆದ್ರೂ ಸಾಯಂಕಾಲದವರೆಗೆ ಆ ವಾಸನೆ ಹೋಗಲ್ಲ, ಹೋಗೋದು ಬೇಡ ಕೂಡ. ಕಾರಲ್ಲಿ ಎಲ್ರ ಕೈಯೂ ಅದೇ ವಾಸನೆ. ಮನೆಗೆ ಬಂದ ರಾತ್ರಿನೇ ನೆನೆಸಿ, ಮಾರನೇ ದಿನ ಎಲ್ರೂ ಟಿವಿ ಮುಂದೆ ಕೂತು ಹಿತುಕಿ, ಹಿತಕಬೇಳೆ ಸಾರು ಮುದ್ದೆ.

ಸೊಪ್ಪನ್ನ ಮಾತ್ರ ಕೊನೇಲಿ ಕೊಯ್ಯಿಸಿ, ಒದ್ದೆ ಪಂಚೆಲಿ ಸುತ್ತಿ ಸೀಟ್ ಕೆಳಗಿಡಿ, ಡಿಕ್ಕಿಗೆ ಹಾಕಿದ್ರೆ ಯಲಹಂಕ ದಾಟೋ ಹೊತ್ತಿಗೆ ಮೆಂತ್ಯ ಬಾಡಿರತ್ತೆ. ಮಾರ್ಚ್ ಮೇಲೆ ಹೋಗೋರು ಬೆಳಗ್ಗೆ 7ಕ್ಕೇ ಅಲ್ಲಿರಿ, 10ರ ಮೇಲೆ ಬಿಸಿಲಿಗೆ ನಿಲ್ಲೋಕಾಗಲ್ಲ. ಹೋಗೋ ಮುಂಚೆ ಫೋನ್ ಮಾಡಿ ಏನಿದೆ ಅಂತ ಕೇಳಿ, ಅವತ್ತು ಬರೀ ಮೂಲಂಗಿ ಅಂದ್ರೆ ವಾರಪೂರ್ತಿ ಮೂಲಂಗಿ ಹುಳಿ ತಿನ್ನೋಕೆ ಮನೆಯವರು ರೆಡಿ ಇದಾರಾ ಅಂತ ಅದನ್ನೂ ಕೇಳ್ಕೊಳ್ಳಿ.