ಹಳೆಯ ಕಾರ್ಡುಗಳ ಡಬ್ಬಿ: ಇಲ್ಲಿಯವರೆಗಿನ ಕೆಲಸ

ಮನೆಯಲ್ಲಿ ಸಿಕ್ಕ ಕಾರ್ಡುಗಳ ವಿಷಯವಾರು ವಿಂಗಡಣೆ ಮುಗಿದಿದೆ. ಶುಭಾಶಯ ಪತ್ರ, ಚಿತ್ರದ ಅಂಚೆ ಕಾರ್ಡು, ವಿಸಿಟಿಂಗ್ ಕಾರ್ಡು, ಇಸ್ಪೀಟು ಎಲ್ಲ ಬೇರೆ ಬೇರೆಯಾಗಿವೆ. ಈಗ ಅವನ್ನೇ ಅಚ್ಚಾದ ವಿಧಾನದ ಪ್ರಕಾರ ಮತ್ತೊಮ್ಮೆ ಜೋಡಿಸುತ್ತಿದ್ದೇನೆ. ವಿನ್ಯಾಸಕಾರ ಯಾಕೆ ಹಾಗೆ ಮಾಡಿದ ಅನ್ನುವುದು ಈ ಜೋಡಣೆಯಲ್ಲೇ ಕಾಣುತ್ತದೆ.

ಲೆಟರ್‌ಪ್ರೆಸ್, ಅಂದರೆ ಉಬ್ಬಿದ ಅಕ್ಷರಗಳಿಗೆ ಶಾಯಿ ಹಚ್ಚಿ ಕಾಗದಕ್ಕೆ ಒತ್ತಿದ ಕಾರ್ಡುಗಳನ್ನು ಗುರುತಿಸುವುದು ಸುಲಭ. ದೀಪವನ್ನು ಓರೆಯಾಗಿ ಹಿಡಿದರೆ ಅಕ್ಷರಗಳು ಕಾಗದದೊಳಗೆ ತಗ್ಗಿರುವುದು ಕಾಣುತ್ತದೆ. ಭೂತಕನ್ನಡಿಯಲ್ಲಿ ಅಕ್ಷರದ ಅಂಚಿಗೆ ಗಾಢವಾದೊಂದು ಗೆರೆ ಇರುತ್ತದೆ, ಒತ್ತಡಕ್ಕೆ ಶಾಯಿ ಪಕ್ಕಕ್ಕೆ ಸರಿದ ಗುರುತು ಅದು. ಸೀಸದ ಅಚ್ಚುಮೊಳೆಗಳ (ಒಂದೊಂದು ಅಕ್ಷರದ ಅಚ್ಚು) ನಡುವೆ ಜಾಗ ಸೇರಿಸಬಹುದು, ಆದರೆ ಮೊಳೆಯನ್ನೇ ಅರೆಯದೆ ಜಾಗ ಕಡಿಮೆ ಮಾಡಲಾಗದು. ಒಂದು ವಿಸಿಟಿಂಗ್ ಕಾರ್ಡಿನಲ್ಲಿ ಹೆಸರಿನ ಅಕ್ಷರಗಳನ್ನು ಧಾರಾಳವಾಗಿ ಬಿಡಿಸಿಟ್ಟು, ಕೆಳಗೆ ಕೂದಲೆಳೆಯಂಥ ಒಂದು ಗೆರೆ ಎಳೆದಿದ್ದಾರೆ. ಬೇರೇನೂ ಇಲ್ಲ. ಅಷ್ಟರಲ್ಲೇ ಎಂಥ ಗಾಂಭೀರ್ಯ!

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಕೊಂಬೆಯ ಮೇಲೆ ಹಕ್ಕಿ ಕೂತಿರುವ ಪುಟ್ಟ ಶುಭಾಶಯ ಪತ್ರ. ನೋಡಿದವರು ಮೂರು ಬಣ್ಣ ಎನ್ನುತ್ತಾರೆ, ಬಳಸಿರುವ ಶಾಯಿ ಎರಡೇ: ಹಳದಿ ಮತ್ತು ನೀಲಿ. ಎಲೆಗಳ ಹಸಿರು ಒಂದರ ಮೇಲೊಂದು ಬಿದ್ದದ್ದರಿಂದ ಹುಟ್ಟಿದೆ. ಹಕ್ಕಿಯ ಎದೆ ಬರೀ ಹಳದಿ, ರೆಕ್ಕೆ ಬರೀ ನೀಲಿ. ಕಣ್ಣಿನ ಬಿಳಿ ಚುಕ್ಕೆಗೆ ಶಾಯಿಯೇ ಇಲ್ಲ, ಅದು ಖಾಲಿ ಬಿಟ್ಟ ಕಾಗದ. ಎರಡನೆಯ ಅಚ್ಚು ಸ್ವಲ್ಪ ಬಲಕ್ಕೆ ಜರುಗಿ ಎಲೆಗಳ ಎಡ ಅಂಚಿನಲ್ಲಿ ಹಳದಿ ಇಣುಕುತ್ತಿದೆ. ಅದರಿಂದ ಎಲೆಗೆ ಬಿಸಿಲು ತಾಗಿದ ಹಾಗೆ ಕಾಣುತ್ತದೆ. ಹಕ್ಕಿಯ ಸುತ್ತ ಮಾತ್ರ ಎರಡು ಬಣ್ಣಗಳು ಎಲ್ಲೂ ಅಂಟಿಕೊಂಡಿಲ್ಲ, ನಡುವೆ ಬಿಳಿ ಬಿಟ್ಟಿದ್ದಾರೆ. ಅಚ್ಚು ಜರುಗಿದರೂ ಹಕ್ಕಿಯ ಆಕಾರ ಕೆಡಬಾರದೆಂಬ ಮುಂದಾಲೋಚನೆ ಇದು ಎಂದೇ ನಾನು ಓದುತ್ತೇನೆ. ಈ ಒಂದು ಕಾರ್ಡು ಬಣ್ಣದ ಬಗ್ಗೆ ನನಗೆ ತುಂಬಾ ಕಲಿಸಿದೆ.

ಬಹುವರ್ಣದ ಕಾರ್ಡುಗಳಲ್ಲಿ ಎರಡು ಜಾತಿ. ಮೊದಲನೆಯದು ಕ್ರೋಮೊಲಿಥೋಗ್ರಫಿ, ಒಂದೊಂದು ಬಣ್ಣಕ್ಕೂ ಬೇರೆ ಕಲ್ಲಿನ ಮೇಲೆ ಚಿತ್ರ ಬರೆದು ಅಚ್ಚು ಹಾಕುವ ವಿಧಾನ. ಅದಕ್ಕೆ ಮುದ್ರಕ ಗೋಡ್‌ಫ್ರಾ ಎಂಗೆಲ್‌ಮನ್ ಪೇಟೆಂಟ್ ಪಡೆದದ್ದು 1837ರಲ್ಲಿ. ಆ ಬಗೆಯ ಕಾರ್ಡಿನಲ್ಲಿ ಚುಕ್ಕೆಗಳು ಅಂಕುಡೊಂಕು, ಕಲಾವಿದ ಒಂದೊಂದನ್ನೂ ಕೈಯಿಂದ ಇಟ್ಟದ್ದು. ಕೆನ್ನೆಯ ಮೇಲೆ ಒತ್ತಾಗಿ, ಹಣೆಯ ಮೇಲೆ ವಿರಳವಾಗಿ. ಎರಡನೆಯದು ಹಾಫ್‌ಟೋನ್, ಚಿತ್ರವನ್ನು ಜಾಲರಿಯ ಮೂಲಕ ಚುಕ್ಕೆಗಳಾಗಿ ಒಡೆದು ಅಚ್ಚು ಹಾಕುವ ವಿಧಾನ. ಅದರಲ್ಲಿ ಚುಕ್ಕೆಗಳು ಸಾಲುಗಟ್ಟಿ ನಿಂತಿರುತ್ತವೆ. ಪ್ರತಿ ಬಣ್ಣದ ಸಾಲನ್ನೂ ಬೇರೆ ಕೋನಕ್ಕೆ ತಿರುಗಿಸಿರುವುದರಿಂದ ಅವು ಸೇರಿ ಪುಟ್ಟ ಹೂವಿನಂತೆ ಕಾಣುತ್ತವೆ. ಎರಡೂ ಚೆಂದ, ಆದರೆ ನನ್ನ ಮನಸ್ಸು ಮೊದಲನೆಯದರ ಕಡೆಗೇ ವಾಲುತ್ತದೆ.

ಅಂಚೆ ಕಾರ್ಡುಗಳಲ್ಲಿ ನಿಯಮವೇ ವಿನ್ಯಾಸ ರೂಪಿಸಿದೆ. ಹಿಂಬದಿಯನ್ನು ಎರಡು ಭಾಗ ಮಾಡಿ ವಿಳಾಸದ ಪಕ್ಕದಲ್ಲೇ ಸಂದೇಶ ಬರೆಯಲು ಬ್ರಿಟನ್ ಅನುಮತಿ ಕೊಟ್ಟದ್ದು 1902ರಲ್ಲಿ, ಅಮೆರಿಕ 1907ರಲ್ಲಿ. ಅದಕ್ಕೂ ಮೊದಲು ಬರೆಯಬೇಕಾಗಿದ್ದದ್ದು ಚಿತ್ರದ ಬದಿಯಲ್ಲೇ. ಹಾಗಾಗಿ ಚಿತ್ರ ಒಂದು ಮೂಲೆಗೆ ಸರಿದು, ಅಂಚು ಮಸುಕಾಗುತ್ತಾ ಖಾಲಿ ಜಾಗದಲ್ಲಿ ಕರಗುತ್ತದೆ.

ಇಸ್ಪೀಟಿನ ಬಗ್ಗೆ ಒಂದೇ ಮಾತು: ಹಿಂಬದಿಯ ಬಳ್ಳಿ ತಲೆಕೆಳಗಾದರೂ ಹಾಗೇ ಕಾಣಬೇಕು, ಇಲ್ಲದಿದ್ದರೆ ಎಲೆಯನ್ನು ಗುರುತು ಹಿಡಿಯಬಹುದು. ಇಷ್ಟು ಬಿಗಿಯಾದ ಷರತ್ತಿನೊಳಗೆ ಬಳ್ಳಿಯನ್ನು ಇಷ್ಟು ಸಲೀಸಾಗಿ ಹರಿಸಿದ್ದಾರೆ.

ಸ್ಕ್ಯಾನಿಂಗ್ ನಡೆಯುತ್ತಿದೆ. ಅಕ್ಷರಗಳಿಗೆ 600 ಡಿಪಿಐ (ಇಂಚಿಗೆ 600 ಬಿಂದು) ಸಾಕು, ಚುಕ್ಕೆಗಳಿಗೆ 1200 ಇಟ್ಟಿದ್ದೇನೆ. ಸ್ಕ್ಯಾನ್ ಆದವು ಪಾಲಿಯೆಸ್ಟರ್ ಲಕೋಟೆಗೆ ಹೋಗುತ್ತವೆ. ಪಿವಿಸಿ ಪ್ಲಾಸ್ಟಿಕ್ ಕಾಲಕ್ರಮೇಣ ಆಮ್ಲ ಬಿಡುತ್ತದೆ, ಅದು ಬೇಡ.

ಮುಂದಿನ ಕೆಲಸ ಹಕ್ಕಿಯ ಕಾರ್ಡಿನದು. ಹಳದಿ, ನೀಲಿ ಪದರಗಳನ್ನು ಬೇರೆ ಮಾಡಿ, ಎರಡು ಲಿನೋಲಿಯಂ ತುಂಡುಗಳಲ್ಲಿ ಕೊರೆದು ಅಚ್ಚು ಹಾಕಬೇಕು. ಹಳದಿಯ ಹಲಗೆ ಅರ್ಧ ಕೊರೆದಾಗಿದೆ.